ತದ್ರೂಪಿ: ರೂಪ ಬೇರೆಯಾದರೂ ಈ ಪದ ಸಲ್ಲುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಾವು ಕೆಲವು ಶಿಕ್ಷಕರು ಪ್ರೌಢಶಾಲೆಯ ಮಕ್ಕಳಿಗಾಗಿ ಕಡಲಿನ ಜೀವಿಗಳ ಬಗ್ಗೆ ಒಂದು ಓದುಪುಸ್ತಕ ಸಿದ್ಧಪಡಿಸುತ್ತಿದ್ದೇವೆ. ಸರ್ಗಾಸಮ್ ಎಂಬ ತೇಲುವ ಕಂದುಪಾಚಿಯ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಇಂಗ್ಲಿಷಿನ ‘ಕ್ಲೋನ್’ಗೆ ‘ತದ್ರೂಪಿ’ ಎಂಬ ಪದವನ್ನು ಬಳಸಲು ಮನಸ್ಸು ಒಪ್ಪುತ್ತಿಲ್ಲ. ವಿಷಯವನ್ನು ಮೊದಲು ಹೇಳಿ, ಆಮೇಲೆ ಪ್ರಶ್ನೆಗೆ ಬರುತ್ತೇನೆ.

ಸರ್ಗಾಸಮ್ ಕುಲದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಬಂಡೆಗೆ ಅಂಟಿಕೊಂಡು ಬೆಳೆಯುವಂಥವು. ಕಾರವಾರದ ಕಡಲಂಚಿನ ಬಂಡೆಗಳ ಮೇಲೂ ಈ ಕುಲದ ಪಾಚಿ ಇದೆ. ಆದರೆ ಅಟ್ಲಾಂಟಿಕ್ ಸಾಗರದ ನ್ಯಾಟನ್ಸ್ ಮತ್ತು ಫ್ಲೂಯಿಟನ್ಸ್ ಎಂಬ ಎರಡು ಪ್ರಭೇದಗಳು ಬಾಳಿನುದ್ದಕ್ಕೂ ತೇಲುತ್ತಲೇ ಇರುತ್ತವೆ. ಅವುಗಳಿಗೆ ಬಂಡೆ ಹಿಡಿಯುವ ಬುಡವೇ ಇಲ್ಲ. ಅವು ಲಿಂಗರೀತಿಯಲ್ಲಿ ಸಂತಾನ ಪಡೆಯುವುದನ್ನು ಯಾರೂ ಕಂಡಿಲ್ಲ. ಅಲೆಯ ಹೊಡೆತಕ್ಕೆ ಮೈ ತುಂಡಾಗುತ್ತದೆ, ತುಂಡು ಬೆಳೆಯುತ್ತದೆ, ಅದು ಮತ್ತೆ ತುಂಡಾಗುತ್ತದೆ. 2018ರ ಜೂನ್‌ನಲ್ಲಿ ಆಫ್ರಿಕಾದ ಪಶ್ಚಿಮ ತೀರದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದಕ್ಕೆ ಹರಡಿದ್ದ, ಎರಡು ಕೋಟಿ ಟನ್ನಿಗೂ ಹೆಚ್ಚು ತೂಕದ ಪಾಚಿಪಟ್ಟಿಯನ್ನು ಉಪಗ್ರಹಗಳು ಗುರುತಿಸಿದವು. ಸೂಳೆಕೆರೆಗಿಂತ ದೊಡ್ಡ ನೀರನ್ನು ಕಾಣದ ನಮ್ಮ ಮಕ್ಕಳಿಗೆ ಈ ಅಳತೆಯನ್ನು ಮನಗಾಣಿಸುವುದೇ ಒಂದು ಕೆಲಸ.

ಈ ಪಾಚಿ ನೋಡಲು ಒಂದೇ ತೆರನಾಗಿಲ್ಲ. 1939ರಲ್ಲಿ ಆಲ್ಬರ್ಟ್ ಪಾರ್ ಎಂಬ ವಿಜ್ಞಾನಿ ಇದರ ರೂಪಗಳನ್ನು ವಿಂಗಡಿಸಿ ರೋಮನ್ ಅಂಕಿಗಳನ್ನು ಕೊಟ್ಟರು. ಇಂದು ಹೇರಳವಾಗಿ ಸಿಗುವವು ಮೂರು. ನ್ಯಾಟನ್ಸ್ ಒಂದರ (I) ಎಲೆ ಕಿರಿದು, ಗಾಳಿಗುಳ್ಳೆಯ ತುದಿಯಲ್ಲಿ ಹಲವು ಬಾರಿ ಸಣ್ಣ ಮುಳ್ಳು. ನ್ಯಾಟನ್ಸ್ ಎಂಟರ (VIII) ಎಲೆ ಅಗಲ, ಕಾಂಡ ನುಣುಪು. ಫ್ಲೂಯಿಟನ್ಸ್ ಮೂರರ (III) ಕಾಂಡದ ಮೇಲೆಯೇ ಮುಳ್ಳುಗಳು. ಹಳೆಯ ದಾಖಲೆಗಳಲ್ಲಿ ವಿರಳವಾಗಿದ್ದ ನ್ಯಾಟನ್ಸ್ ಎಂಟು, 2011ರ ನಂತರದ ಪಾಚಿಯ ಹೊನಲಿನಲ್ಲಿ ಎದ್ದು ಕಂಡಿತು. ಆದ್ದರಿಂದ ಈ ವಿಂಗಡಣೆಯನ್ನು ಪಾಠದಿಂದ ಬಿಡಲು ಬರುವುದಿಲ್ಲ.

ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಭಾಗದ ಡಿಎನ್‌ಎ ಓದಿದಾಗ ಈ ಮೂರರ ನಡುವೆ ಸಣ್ಣದಾದರೂ ಸ್ಥಿರವಾದ ವ್ಯತ್ಯಾಸ ಸಿಕ್ಕಿದೆ. ಒಂದೇ ರೂಪದ ಒಳಗೆ ಮಾತ್ರ, ಬಹುದೂರದ ಮಾದರಿಗಳಲ್ಲಿಯೂ, ವ್ಯತ್ಯಾಸ ತೀರಾ ಕಡಿಮೆ. ಆದರೂ ಅಲ್ಲಿಯೇ ಎಲೆಯ ಅಗಲ, ಗುಳ್ಳೆಯ ಗಾತ್ರ ಹೆಚ್ಚುಕಡಿಮೆಯಾಗುತ್ತವೆ. ಯಾವ ಗುಂಪಿಗೆ ಸೇರಿಸಬೇಕೆಂದು ಗೊಂದಲ ಹುಟ್ಟಿಸುವ ಮಾದರಿಗಳೂ ಇವೆ.

ತೊಡಕು ಇಲ್ಲಿದೆ. ತುಂಡಿನಿಂದ ಬೆಳೆದು ತಾಯಿಯ ವಂಶವಾಹಿಗಳನ್ನೇ ಹೊತ್ತ ಜೀವಿಗೆ ಕನ್ನಡದಲ್ಲಿ ‘ತದ್ರೂಪಿ’ ಎಂದು ಬರೆಯುತ್ತೇವೆ. ತದ್ರೂಪ ಎಂದರೆ ಅದೇ ರೂಪ. ಇನ್ನೊಂದು ಕುರಿಯ ಜೀವಕೋಶದಿಂದ ಹುಟ್ಟಿಸಿದ ಡಾಲಿ ಎಂಬ ಕುರಿಗೆ, ಒಂದೇ ಅಂಡದಿಂದ ಹುಟ್ಟಿದ ಅವಳಿ ಮಕ್ಕಳಿಗೆ ಈ ಪದ ಹೊಂದುತ್ತದೆ. ಆದರೆ ‘ಈ ತದ್ರೂಪಿಗಳ ರೂಪದಲ್ಲಿ ವೈವಿಧ್ಯವಿದೆ’ ಎಂಬ ವಾಕ್ಯವನ್ನು ಹತ್ತನೆಯ ತರಗತಿಯ ಹುಡುಗಿ ಓದಿದರೆ, ಪುಸ್ತಕವೇ ತಪ್ಪೆಂದುಕೊಳ್ಳುತ್ತಾಳೆ. ಹಾಗೆಂದುಕೊಳ್ಳುವುದು ಅವಳ ತಪ್ಪಲ್ಲ. ಕಡಲಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಕಡೆ ಅಂತರಗಂಗೆ ಎನ್ನುವ, ನೇರಳೆ ಹೂವಿನ ಕೆರೆಯ ಕಳೆಯೂ ಹೀಗೆಯೇ ಮರಿ ಒಡೆದು ಹರಡುತ್ತದೆ. ತೆರೆದ ನೀರಿನಲ್ಲಿ ಅದರ ಎಲೆತೊಟ್ಟು ಊದಿಕೊಂಡು ಗಿಡ್ಡವಾಗಿರುತ್ತದೆ. ಒತ್ತಾಗಿ ಬೆಳೆದಲ್ಲಿ ಸಪೂರವಾಗಿ ಎತ್ತರಕ್ಕೆ ಏಳುತ್ತದೆ. ಒಂದೇ ತಾಯಿಯ ಮಕ್ಕಳು, ಮೈಕಟ್ಟು ಬೇರೆ.

ಸಹೋದ್ಯೋಗಿಯೊಬ್ಬರು ‘ಒಂದೇ ತಳಿ’ ಎಂದು ಬರೆಯಿರಿ ಎಂದರು. ಮೆಕ್ಕೆಜೋಳದ ಸೀಮೆಯಾದ ನಮ್ಮಲ್ಲಿ ತಳಿ ಎಂದೊಡನೆ ಬೀಜದ ಅಂಗಡಿ, ಹೈಬ್ರಿಡ್ ಚೀಲ ನೆನಪಾಗುತ್ತದೆ. ಮನುಷ್ಯ ಆರಿಸಿ ಬೆಳೆಸಿದ್ದು ಎಂಬ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿದೆ. ಈ ಪಾಚಿಯನ್ನು ಯಾರೂ ಬಿತ್ತಿಲ್ಲ, ಆರಿಸಿಲ್ಲ.

ನನಗೆ ಒಗ್ಗುವುದು ‘ಕುಡಿ’. ಬಳ್ಳಿಯ ಚಿಗುರಿಗೂ ಕುಡಿ ಎನ್ನುತ್ತೇವೆ, ವಂಶದಲ್ಲಿ ಮುಂದೆ ಹುಟ್ಟಿದವರಿಗೂ ಕುಡಿ ಎನ್ನುತ್ತೇವೆ. ಎರಡೂ ಅರ್ಥ ಇಲ್ಲಿ ಬೇಕು, ಹೋಲಿಕೆಯ ಭರವಸೆ ಬೇಡ. ‘ತುಂಡುಕುಡಿ’ ಎಂದು ಕಟ್ಟಿದರೆ ಹುಟ್ಟಿದ ಬಗೆಯೂ ತಿಳಿಯುತ್ತದೆ. ಸಂಸ್ಕೃತದ ಪದವೇ ಬೇಕೆನ್ನುವವರಿಗೆ ‘ಸಮವಂಶಿ’ ಇರಬಹುದು, ಆದರೆ ಅಣ್ಣತಮ್ಮಂದಿರೂ ಸಮವಂಶಿಗಳೇ ಅಲ್ಲವೇ ಎಂಬ ಆಕ್ಷೇಪ ಬರುತ್ತದೆ.

ಕೇಳಬೇಕಾದದ್ದು ಎರಡು. ತುಂಡುಕುಡಿ ಎಂಬ ಪದ ಕಿವಿಗೆ ಒರಟಾಗಿದೆಯೇ, ಅಥವಾ ವೀಳ್ಯದೆಲೆ, ಕಬ್ಬು, ಬಾಳೆ ಬೆಳೆಯುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಪದ ಆಗಲೇ ಇದೆಯೇ? ಎರಡನೆಯದು, ಮೂಲದ ಮಾತೆತ್ತದೆ ಕಣ್ಣಿಗೆ ಕಾಣುವ ಚಹರೆಯಿಂದಷ್ಟೇ ವಿಂಗಡಿಸಿದ ಗುಂಪಿಗೆ ‘ಮೈಬಗೆ’ ಎಂದರೆ ನಿಮಗೆ ಅರ್ಥವಾಗುತ್ತದೆಯೇ? ಪದ ಸೂಚಿಸುವವರು ದಯವಿಟ್ಟು ಅದನ್ನು ಒಂದು ಪೂರ್ತಿ ವಾಕ್ಯದಲ್ಲಿಟ್ಟು ಬರೆಯಿರಿ; ಬಹುವಚನದಲ್ಲಿ, ವಿಭಕ್ತಿ ಸೇರಿದಾಗ ಹೇಗೆ ಕೇಳುತ್ತದೆ ಎಂಬುದನ್ನೂ ನೋಡಬೇಕಾಗಿದೆ.