ಮನೆಯಿಂದ ರಾಗಿ ಒಯ್ದು ಹಿಟ್ಟು ಮಾಡಿಸಿಕೊಡುವ ಐಡಿಯಾ: ಆಪ್‌ಗೆ ದುಡ್ಡು ಹಾಕುವ ಮುಂಚೆ ಹೇಗೆ ಪರೀಕ್ಷೆ ಮಾಡೋದು?

ಬಸವೇಶ್ವರನಗರ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ಐಟಿಯಲ್ಲಿದ್ದೇನೆ. ನಮ್ಮ ಏರಿಯಾದಲ್ಲಿ ಎಷ್ಟೋ ಮನೆಗಳಿಗೆ ಈಗಲೂ ಊರಿಂದ ರಾಗಿ ಬರುತ್ತದೆ. ಮೂಟೆ ಬಂದು ಬೀಳುತ್ತದೆ, ಆದರೆ ಅದನ್ನು ಮಿಲ್ಲಿಗೆ ಹೊತ್ತುಕೊಂಡು ಹೋಗಿ ಹಿಟ್ಟು ಮಾಡಿಸಿಕೊಂಡು ಬರುವವರು ಯಾರು? ವಯಸ್ಸಾದವರಿಗೆ ಆಗಲ್ಲ. ಕೆಲಸಕ್ಕೆ ಹೋಗುವವರಿಗೆ ಸಿಗುವುದು ಭಾನುವಾರ ಒಂದೇ, ಅವತ್ತು ಮಿಲ್ ಮುಂದೆ ಕ್ಯೂ. ಹಾಗಾಗಿ ನನ್ನ ಐಡಿಯಾ ಏನಂದರೆ, ಮನೆ ಬಾಗಿಲಿಗೆ ಹೋಗಿ ಕಾಳು ತಗೊಂಡು, ಬೀಸಿಸಿ, ಅದೇ ದಿನ ಹಿಟ್ಟು ವಾಪಸ್ ಕೊಡುವುದು. ರಾಗಿ, ಗೋಧಿ, ಅಕ್ಕಿ ಎಲ್ಲ. ಆಪ್‌ನಲ್ಲಿ ಬುಕ್ ಮಾಡಿದರೆ ಆಯ್ತು.

ಒಂದು ಗೂಗಲ್ ಫಾರ್ಮ್ ಮಾಡಿ ಆಫೀಸಿನವರಿಗೆ, ನೆಂಟರಿಗೆ, ಕಾಲೇಜ್ ಗ್ರೂಪಿಗೆ ಕಳಿಸಿದೆ. "ಇಂಥ ಸರ್ವಿಸ್ ಬಂದರೆ ಬಳಸುತ್ತೀರಾ?" ಅಂತ ಪ್ರಶ್ನೆ. ಹೆಚ್ಚು ಕಮ್ಮಿ ಎಲ್ಲರೂ ಹೌದು ಅಂದರು, ಕೆಲವರು "ಸೂಪರ್ ಮಗಾ, ಬೇಗ ಶುರು ಮಾಡು" ಅಂತ ಬರೆದಿದ್ದಾರೆ. ಆಪ್‌ಗೆ ಒಬ್ಬರು ಮೂರೂವರೆ ಲಕ್ಷ ಕೊಟೇಶನ್ ಕೊಟ್ಟಿದ್ದಾರೆ. ದುಡ್ಡು ಇದೆ, ಆದರೆ ಅದು ಮಗಳ ಸ್ಕೂಲ್ ಅಡ್ಮಿಶನ್‌ಗೆ ಅಂತ ಇಟ್ಟದ್ದು. ಹೆಂಡತಿ ಮಾತ್ರ "ಫಾರ್ಮ್ ತುಂಬಿದವರಲ್ಲಿ ಮಿಲ್ಲಿಗೆ ಹೋಗುವವರು ಯಾರಿದ್ದಾರೆ, ಅದನ್ನ ಮೊದಲು ಕೇಳಿ" ಅನ್ನುತ್ತಾಳೆ.

ಲಾಂಚ್ ಮಾಡುವ ಮುಂಚೆ ಇದು ನಿಜವಾಗಿ ನಡೆಯುತ್ತಾ ಅಂತ ತಿಳಿಯೋದು ಹೇಗೆ? ಐದು ಜನರ ಹತ್ತಿರ ಟೆಸ್ಟ್ ಮಾಡಿದರೆ ಸಾಕು ಅಂತ ಎಲ್ಲೋ ಓದಿದ್ದೆ. ಸಾಕಾ?

ಪ್ರಾಡಕ್ಟ್_ಪುಟ್ಟಣ್ಣ

ಗುರು, ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಅವರನ್ನು ಪಾರ್ಟ್‌ನರ್ ಮಾಡಿಕೊಳ್ಳಿ.

"ಬಂದರೆ ಬಳಸುತ್ತೀರಾ" ಅಂತ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಹೌದು ಅನ್ನೋದಕ್ಕೆ ಖರ್ಚಿಲ್ಲ, ಇಲ್ಲ ಅಂದರೆ ನಿಮಗೆ ಬೇಜಾರು. ಮುಂದೆ ಏನು ಮಾಡುತ್ತೀರಿ ಅಂತ ಕೇಳಲೇಬೇಡಿ. ಕಳೆದ ಸಲ ಏನು ಮಾಡಿದಿರಿ ಅಂತ ಕೇಳಿ. ಕೊನೇ ಸಲ ಹಿಟ್ಟು ಮಾಡಿಸಿದ್ದು ಯಾವಾಗ? ಹೋದವರು ಯಾರು? ಎಷ್ಟು ಕೆಜಿ? ಆಗಲ್ಲ ಅಂದಾಗ ಏನು ಮಾಡಿದಿರಿ, ಅಂಗಡಿಯಿಂದ ಪ್ಯಾಕೆಟ್ ತಂದಿರಾ? ಇಷ್ಟು ಕೇಳುವ ತನಕ ನಿಮ್ಮ ಐಡಿಯಾ ಬಾಯಿ ಬಿಡಬೇಡಿ. ಬಿಟ್ಟ ತಕ್ಷಣ ಜನ ನಿಮ್ಮನ್ನು ಮೆಚ್ಚಿಸೋಕೆ ಶುರು ಮಾಡುತ್ತಾರೆ, ಅದರಲ್ಲೂ ನೆಂಟರು.

ಐದು ಜನರ ಮಾತು ಬೇರೆ ವಿಷಯದ್ದು. ವೆಬ್‌ಸೈಟು ಬಳಸೋಕೆ ಸುಲಭವಾಗಿದೆಯಾ ಅಂತ ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ವೆಬ್‌ಸೈಟು, ಸಾಫ್ಟ್‌ವೇರ್ ಬಳಸುವಾಗ ಜನ ಎಲ್ಲಿ ಎಡವುತ್ತಾರೆ ಅನ್ನೋದರ ಬಗ್ಗೆ. ಐದು ಜನ ಬಳಸುವುದನ್ನು ನೋಡಿದರೆ ಅಂಥ ತೊಂದರೆಗಳಲ್ಲಿ ಸುಮಾರು 85% ಗೊತ್ತಾಗುತ್ತವೆ ಅಂತ ಅವರ ಲೆಕ್ಕ. ಬಟನ್ ಎಲ್ಲಿದೆ ಅಂತ ತಿಳಿಯೋಕೆ ಐದು ಸಾಕು. ಜನ ದುಡ್ಡು ಕೊಡುತ್ತಾರಾ ಅಂತ ತಿಳಿಯೋಕೆ ಅದು ಏನೂ ಅಲ್ಲ.

ಆಪ್ ಸದ್ಯಕ್ಕೆ ಬೇಡ. ಸಾಮಾನು ತಂದುಕೊಡುವ ಡಂಜೋ ಕಂಪನಿ ನಮ್ಮ ಬೆಂಗಳೂರಲ್ಲಿ ಶುರುವಾಗಿದ್ದೇ ವಾಟ್ಸಾಪ್‌ನಲ್ಲಿ. ಮೆಸೇಜ್ ಮಾಡಿದರೆ ಕೆಲಸ ಆಗುತ್ತಿತ್ತು, ಅಷ್ಟೇ. ಆಪ್ ಆಮೇಲೆ ಬಂತು, 2017ರಲ್ಲಿ ಗೂಗಲ್ ದುಡ್ಡು ಹಾಕಿತು. ಅಮೆರಿಕದ ಆನ್‌ಲೈನ್ ಶೂ ಅಂಗಡಿ ಝ್ಯಾಪೋಸ್ ಕಥೆ ಇನ್ನೂ ಮಜಾ. 1999ರಲ್ಲಿ ಆನ್‌ಲೈನ್‌ನಲ್ಲಿ ಶೂ ಯಾರು ಕೊಳ್ಳುತ್ತಾರೆ ಅಂತ ಎಲ್ಲರೂ ಕೇಳುವಾಗ, ಅದನ್ನು ಶುರು ಮಾಡಿದ ನಿಕ್ ಸ್ವಿನ್‌ಮರ್ನ್ ಅಂಗಡಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದ, ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳಿಸಿದ. ಗೋಡೌನ್ ಇಲ್ಲ, ಸ್ಟಾಕ್ ಇಲ್ಲ. ತಿಳಿಯಬೇಕಾದ್ದು ಒಂದೇ, ಜನ ಕೊಳ್ಳುತ್ತಾರಾ.

ನೀವೂ ಒಂದು ನಂಬರ್, ಒಂದು ಸ್ಕೂಟರ್ ಇಟ್ಟುಕೊಂಡು ನಿಮ್ಮ ಎರಡು ಮೂರು ಕ್ರಾಸ್‌ಗಳಲ್ಲಿ ಶುರು ಮಾಡಿ. ಯುಪಿಐನಲ್ಲಿ ಮೊದಲೇ ದುಡ್ಡು ತಗೊಳ್ಳಿ, ಐವತ್ತೇ ರೂಪಾಯಿ ಆಗಲಿ.

ಗಿರಣಿ_ಮನೆ

ನಮ್ಮ ತಂದೆ ಮಿಲ್ ನಡೆಸುತ್ತಾರೆ, ನಾನೂ ಕೂತಿದ್ದೇನೆ. ಆಪ್ ಬೇಕಾ ಬೇಡವಾ ನೀವು ನೋಡಿಕೊಳ್ಳಿ. ನಾನು ಹೇಳೋದು ಬೇರೆ.

ಸ್ವಂತ ರಾಗಿ ತರುವವರು ಮಿಷನ್ ಮುಂದೆ ಯಾಕೆ ನಿಂತಿರುತ್ತಾರೆ ಗೊತ್ತಾ? ಟೈಮ್ ಜಾಸ್ತಿ ಇದೆ ಅಂತ ಅಲ್ಲ. ಅವರ ರಾಗಿ ಕಣ್ಣು ತಪ್ಪಿಸಬಾರದು. ಹಿಂದಿನವರು ಜೋಳ ಹಾಕಿಸಿದ್ದರೆ ಮೊದಲು ಬೀಳುವ ಹಿಟ್ಟಲ್ಲಿ ಅದು ಸೇರುತ್ತದೆ, ಅದಕ್ಕೆ ಕೆಲವು ಅಜ್ಜಿಯರು ಮೊದಲ ಬೊಗಸೆ ಬೇರೆ ತೆಗೆಸುತ್ತಾರೆ. "ಯಾರದು ಆದ ಮೇಲೆ ನಂದು?" ಅಂತ ಕೇಳಿಯೇ ಡಬ್ಬಿ ಕೆಳಗಿಡುತ್ತಾರೆ. ಇನ್ನು ಕೆಲವರು ನುಣ್ಣಗೆ ಬಂತಾ ಅಂತ ಬೆರಳಲ್ಲಿ ತಿಕ್ಕಿ ನೋಡಿ, ಇನ್ನೊಂದು ಸಲ ಹಾಕಿ ಅನ್ನುತ್ತಾರೆ. ಮುದ್ದೆಗೆ ಬೇರೆ, ಮಗುವಿನ ಸರಿಗೆ ಬೇರೆ. ಮಗುವಿನದು ತೊಳೆದು ಒಣಗಿಸಿ ತಂದಿರುತ್ತಾರೆ, ಅದನ್ನು ನೀವು ಬೇರೆಯವರ ಚೀಲದ ಜೊತೆ ಅದಲು ಬದಲು ಮಾಡಿದಿರೋ, ಮುಗೀತು.

ತೂಕದ ಜಗಳ ಬೇರೆ. ಮಿಷನ್‌ನಲ್ಲಿ ಒಂದಿಷ್ಟು ಧೂಳಾಗಿ ಹೋಗುತ್ತದೆ. ಎದುರಿಗೆ ನಿಂತವರಿಗೆ ಅದು ಕಾಣುತ್ತದೆ, ಸುಮ್ಮನಿರುತ್ತಾರೆ. ಮನೆಯಲ್ಲಿ ಕೂತವರು ತೂಗಿ ನೋಡಿ "ಕಮ್ಮಿ ಇದೆಯಲ್ಲಪ್ಪಾ" ಅನ್ನುತ್ತಾರೆ. ಮತ್ತೆ ಹಿಟ್ಟು ಬಿಸಿ ಬಿಸಿ ಬರುತ್ತದೆ. ಆರುವ ಮುಂಚೆ ಮುಚ್ಚಳ ಹಾಕಿ ಸ್ಕೂಟರಲ್ಲಿಟ್ಟರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಆಮೇಲೆ ಮುಗ್ಗಲು ವಾಸನೆ. ಬಟ್ಟೆ ಚೀಲದಲ್ಲಿ ತಗೊಳ್ಳಿ.

ಅಂದರೆ ನೀವು ಪರೀಕ್ಷೆ ಮಾಡಬೇಕಾದ್ದು ಪಿಕಪ್ ಬೇಕಾ ಅಂತ ಅಲ್ಲ. ಗುರುತಿಲ್ಲದ ಹುಡುಗನ ಕೈಗೆ ಊರಿನ ರಾಗಿ ಕೊಡುತ್ತಾರಾ ಅಂತ. ಅದು ಫಾರ್ಮ್‌ನಲ್ಲಿ ಗೊತ್ತಾಗಲ್ಲ, ಬಾಗಿಲಲ್ಲಿ ನಿಂತು ಚೀಲ ಕೇಳಿದಾಗಲೇ ಗೊತ್ತಾಗೋದು.

ಲೆಕ್ಕದ_ಮೇಷ್ಟ್ರು

ಗಿರಣಿಯವರ ಮಾತಿಗೆ ನನ್ನ ಸಹಿ. ಪುಟ್ಟಣ್ಣನವರು ಡಂಜೋ ಕಥೆ ಅರ್ಧಕ್ಕೇ ನಿಲ್ಲಿಸಿದರು ಅನ್ನೋದಷ್ಟೇ ನನ್ನ ತಕರಾರು. ಜನರಿಗೆ ಅದು ಬೇಕಿತ್ತು, ಪ್ರೀತಿಯಿಂದ ಬಳಸುತ್ತಿದ್ದರು, 2022ರಲ್ಲಿ ರಿಲಯನ್ಸ್ ಕೂಡ ದೊಡ್ಡ ಮೊತ್ತ ಹಾಕಿತು. ಆದರೂ 2025ರ ಹೊತ್ತಿಗೆ ಮುಚ್ಚಿತು. ಜನರಿಗೆ ಬೇಕು ಅನ್ನೋದು ಒಂದು ಪರೀಕ್ಷೆ, ಅದರಲ್ಲಿ ನಮಗೆ ಏನಾದರೂ ಉಳಿಯುತ್ತಾ ಅನ್ನೋದು ಇನ್ನೊಂದು.

ಸುಮ್ನೆ ಒಂದು ಲೆಕ್ಕ ಹಾಕೋಣ. ಐದು ಕೆಜಿ, ಮಿಲ್ಲಿನವರಿಗೆ ಕೆಜಿಗೆ ಹತ್ತು ರೂಪಾಯಿ ಅಂದುಕೊಳ್ಳಿ, ಐವತ್ತು ಹೋಯ್ತು. ನೀವು 110 ತಗೊಂಡರೆ ಉಳಿದದ್ದು ಅರವತ್ತು. ಆ ಅರವತ್ತರಲ್ಲಿ ಮನೆಗೆ ಎರಡು ಸಲ ಹೋಗಬೇಕು, ಒಂದು ಸಲ ತರೋಕೆ, ಒಂದು ಸಲ ಕೊಡೋಕೆ. ಮಿಲ್ಲಲ್ಲಿ ಕಾಯಬೇಕು. ಪೆಟ್ರೋಲ್ ಇದೆ. ಈಗ ಸ್ಕೂಟರ್ ಓಡಿಸೋದು ನೀವೇ ಅಂತ ನಿಮ್ಮ ಕೂಲಿ ಬಿಟ್ಟು ಲೆಕ್ಕ ಹಾಕಬೇಡಿ. ನಾಳೆ ಹುಡುಗನನ್ನು ಇಟ್ಟರೆ ಅವನಿಗೆ ಕೊಡಬೇಕಾದ ಸಂಬಳವನ್ನು ಮೊದಲ ದಿನದಿಂದಲೇ ಬರೆದುಕೊಳ್ಳಿ. ಮತ್ತೆ ಒಂದು ಮನೆಗೆ ಐದು ಕೆಜಿ ಎಷ್ಟು ದಿನ ಬರುತ್ತದೆ? ದಿನಾ ಮುದ್ದೆ ಮಾಡುವ ಮನೆಯಾದರೂ ತಿಂಗಳಿಗೆ ಒಂದೆರಡು ಆರ್ಡರ್ ಸಿಕ್ಕರೆ ಹೆಚ್ಚು. ಅಂದಮೇಲೆ ಒಂದೇ ಬೀದಿಯಲ್ಲಿ ತುಂಬಾ ಮನೆ ಬೇಕು, ಇಲ್ಲಾಂದರೆ ಓಡಾಟದಲ್ಲೇ ಎಲ್ಲ ಕರಗುತ್ತದೆ. ಇದೇ ದೊಡ್ಡ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ, ಆಪ್ ಅಲ್ಲವೇ ಅಲ್ಲ.

ಮೊದಲ ಆರ್ಡರ್‌ಗೆ ಜಾಸ್ತಿ ಬೆಲೆ ಕೊಡಬೇಡಿ. ಪಕ್ಕದ ಮನೆ ಹುಡುಗ ಅಂತ ಒಂದು ಸಲ ಎಲ್ಲರೂ ಕೊಡುತ್ತಾರೆ. ನೀವು ಫೋನ್ ಮಾಡದೆ ಅವರೇ ಎರಡನೇ ಸಲ ಮೆಸೇಜ್ ಮಾಡಿದರೆ ಅದನ್ನು ಎಣಿಸಿ. ಇನ್ನೊಂದು, ಎಷ್ಟು ಮನೆ ಮತ್ತೆ ಕರೆದರೆ ಮುಂದುವರಿಯುವುದು, ಎಷ್ಟಕ್ಕಿಂತ ಕಮ್ಮಿ ಆದರೆ ಕೈ ಬಿಡುವುದು, ಇದನ್ನು ಶುರು ಮಾಡುವ ಮುಂಚೆಯೇ ಬರೆದು ಮನೆಯವರ ಕೈಗೆ ಕೊಡಿ. ಆಮೇಲಾದರೆ ಬಂದ ಸಂಖ್ಯೆಯೇ ಸಾಕು ಅನ್ನಿಸಿಬಿಡುತ್ತದೆ.

ಹತ್ತು_ನಿಮಿಷ

ಬ್ಲಿಂಕಿಟ್‌ನಲ್ಲಿ ರಾಗಿ ಹಿಟ್ಟು ಹತ್ತು ನಿಮಿಷದಲ್ಲಿ ಬರುತ್ತೆ ಬ್ರೋ. ಇಷ್ಟೆಲ್ಲಾ ಯಾಕೆ 😄

ಬಸವೇಶ್ವರನಗರ_ಹುಡುಗ

@ಹತ್ತು_ನಿಮಿಷ ನಮ್ಮತ್ತೆ ಮುಂದೆ ಆ ಪ್ಯಾಕೆಟ್ ಇಟ್ಟು ನೋಡಿ 🙂

ಎಲ್ಲರಿಗೂ ಥ್ಯಾಂಕ್ಸ್. ಗಿರಣಿಯವರು ಹೇಳಿದ್ದು ನನ್ನ ತಲೆಗೇ ಬಂದಿರಲಿಲ್ಲ. ಹೆಂಡತಿಗೆ ಓದಿ ಹೇಳಿದೆ, "ನಾನಾದರೂ ಕೊಡಲ್ಲ" ಅಂದಳು! ಈಗ ಎರಡು ಪ್ರಶ್ನೆ. ಗುರುತಿಲ್ಲದವರನ್ನು ಎಲ್ಲಿ ಹುಡುಕೋದು? ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಅಡ್ಮಿನ್ ತೆಗೆಯುತ್ತಾರೆ. ಮತ್ತೆ ಮೊದಲ ಸಲ ಫ್ರೀ ಕೊಡಲಾ?

ಮೂರನೇ_ಮಹಡಿ

ನಾನು ನಮ್ಮ ಅಸೋಸಿಯೇಶನ್ ಕಮಿಟಿಯಲ್ಲಿದ್ದೇನೆ. ಗ್ರೂಪಿನಲ್ಲಿ ಜಾಹೀರಾತು ತೆಗೆಯುವ ಪಾಪದವರಲ್ಲಿ ನಾನೂ ಒಬ್ಬಳು. ಅದರ ಬದಲು ಕಮಿಟಿಯವರನ್ನು ಕೇಳಿ, ಶನಿವಾರ ಗೇಟ್ ಹತ್ತಿರ ಒಂದು ಟೇಬಲ್ ಹಾಕಿಕೊಳ್ಳಲು ಕೆಲವು ಕಡೆ ಬಿಡುತ್ತಾರೆ. ಆದರೆ ನಮ್ಮಂಥ ದೊಡ್ಡ ಕಾಂಪ್ಲೆಕ್ಸ್‌ಗಿಂತ ಸ್ವಂತ ಮನೆಗಳಿರುವ ಹಳೇ ಬೀದಿಗಳೇ ನಿಮಗೆ ಒಳ್ಳೆಯದು, ಊರಿನ ಸಂಪರ್ಕ ಇರುವವರು ಅಲ್ಲೇ ಜಾಸ್ತಿ. ಬೆಳಗ್ಗೆ ಪೇಪರ್ ಹಾಕುವವರಿಗೆ ದುಡ್ಡು ಕೊಟ್ಟು ಒಳಗೆ ಚೀಟಿ ಇಡಿಸಿ. ಒಂದು ಕಡೆ ಒಂದು ರೇಟ್, ಇನ್ನೊಂದು ಕಡೆ ಬೇರೆ ರೇಟ್ ಹಾಕಿ ಎಲ್ಲಿಂದ ಫೋನ್ ಜಾಸ್ತಿ ಬರುತ್ತದೆ ನೋಡಬಹುದು. ಅಕ್ಕಪಕ್ಕದ ಬೀದಿ ಮಾತ್ರ ಬೇಡ, ಆಂಟಿಯರು ವಾಕಿಂಗ್‌ನಲ್ಲಿ ಮಾತಾಡಿಕೊಳ್ಳುತ್ತಾರೆ.

ಪ್ರಾಡಕ್ಟ್_ಪುಟ್ಟಣ್ಣ

ಫ್ರೀ ಬೇಡವೇ ಬೇಡ. ಫ್ರೀ ಅಂದರೆ ಎಲ್ಲರೂ ಕೊಡುತ್ತಾರೆ, ನಿಮಗೆ ಏನೂ ಗೊತ್ತಾಗಲ್ಲ.

ಲೆಕ್ಕದ_ಮೇಷ್ಟ್ರು

ಇಲ್ಲಿ ನಾನು ಒಪ್ಪಲ್ಲ. ಇಲ್ಲಿನ ಅಡ್ಡಿ ದುಡ್ಡಲ್ಲ, ನಂಬಿಕೆ ಅಂತ ಈಗ ತಾನೇ ಗೊತ್ತಾಯಿತಲ್ಲ. ಪೂರ್ತಿ ದುಡ್ಡು ತಗೊಳ್ಳಿ, ಆದರೆ ಹಿಟ್ಟು ಕೊಟ್ಟ ಮೇಲೆ. ಫ್ಲಿಪ್‌ಕಾರ್ಟ್‌ನವರು 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದದ್ದೂ ಜನರ ಇಂಥ ಹಿಂಜರಿಕೆಗೇ ಅಲ್ವಾ. ಮುಂಗಡ ಕೇಳಿ ಯಾರೂ ಕೊಡದಿದ್ದರೆ, ಸರ್ವಿಸ್ ಬೇಡವೋ ನೀವು ಬೇಡವೋ ಅಂತ ಹೇಗೆ ಹೇಳುತ್ತೀರಿ?

ಪ್ರಾಡಕ್ಟ್_ಪುಟ್ಟಣ್ಣ

ಸರಿ, ಅದು ಒಪ್ಪಬಹುದು. ಆದರೆ ರೇಟ್ ಇಳಿಸಬೇಡಿ.

ಗಿರಣಿ_ಮನೆ

ಚೀಲಕ್ಕೆ ಎದುರಿಗೇ ದಾರ ಕಟ್ಟಿ, ಹೆಸರು ಬರೆದು, ತೂಕದ ಫೋಟೋ ಅವರಿಗೇ ಕಳಿಸಿ. ಬೀಸುವಾಗ ಒಂದು ಚಿಕ್ಕ ವಿಡಿಯೋ ಹಾಕಿ. ಇಷ್ಟು ಮಾಡಿದರೆ ಕೊಡುತ್ತಾರಾ ಅನ್ನೋದನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ, ಕೆಲವು ಮನೆಗೆ ಹೀಗೆ ಮಾಡಿ, ಕೆಲವಕ್ಕೆ ಬೇಡ. ನಿಮ್ಮ ಹತ್ತಿರದ ಮಿಲ್ಲಿನವರ ಜೊತೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ ಇರುತ್ತದೆ, ಆಗ ಒಟ್ಟಿಗೆ ತಂದರೆ ಕೆಜಿಗೆ ಒಂದೆರಡು ರೂಪಾಯಿ ಬಿಟ್ಟಾರು. ಹಬ್ಬದ ಹಿಂದಿನ ವಾರ ಮಾತ್ರ ಶುರು ಮಾಡಬೇಡಿ, ಯಾವ ಮಿಲ್ಲಿನವರೂ ನಿಮ್ಮ ಮುಖ ನೋಡಲ್ಲ.