ಹುಲ್ಲುಹಾಸು ತೆಗೆದು ಸ್ಥಳೀಯ ಗಿಡಗಳನ್ನು ಬೆಳೆಸಲು ಸಲಹೆ ಬೇಕು

ಸದಸ್ಯರೆಲ್ಲರಿಗೂ ನಮಸ್ಕಾರ. ಹಿತ್ತಲಿನ ಹುಲ್ಲುಹಾಸನ್ನು ಹಂತಹಂತವಾಗಿ ತೆಗೆದು, ಚಿಟ್ಟೆ, ಜೇನ್ನೊಣ ಮತ್ತು ಹಕ್ಕಿಗಳಿಗೆ ಆಸರೆಯಾಗುವ ಸ್ಥಳೀಯ ಗಿಡಗಳನ್ನು ನೆಡಬೇಕೆಂದಿದ್ದೇನೆ. ಅನುಭವವುಳ್ಳವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ನನ್ನ ಮುಖ್ಯ ತೊಡಕು ಇರುವ ಹುಲ್ಲನ್ನು ತೊಲಗಿಸುವುದು. ಅದು ಗರಿಕೆಯ ಜಾತಿಯದು. ಅಗೆದರೆ ತುಂಡಾದ ಪ್ರತಿ ಗೆಣ್ಣೂ ಮತ್ತೆ ಚಿಗುರುತ್ತದೆ, ಜೊತೆಗೆ ಮಣ್ಣಿನಲ್ಲಿ ಹುದುಗಿದ್ದ ಕಳೆಬೀಜಗಳೂ ಬೆಳಕು ಕಂಡು ಮೊಳೆಯುತ್ತವೆ. ಕಳೆನಾಶಕ ಬಳಸಲು ನನಗೆ ಮನಸ್ಸಿಲ್ಲ. ರಟ್ಟಿನ ಹಾಳೆ ಹಾಸಿ ಮೇಲೆ ಒಣ ಎಲೆ ಹೊದಿಸುವುದು ಒಂದು ದಾರಿ. ಬಿರುಬಿಸಿಲಿನ ಕಾಲದಲ್ಲಿ 6ರಿಂದ 8 ವಾರ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಮಣ್ಣನ್ನು ಕಾಯಿಸುವುದು ಇನ್ನೊಂದು. ಎರಡನೆಯದು ಮೇಲ್ಮಣ್ಣಿನ ಜೀವಿಗಳನ್ನೂ ಬಾಧಿಸುವುದರಿಂದ ನಾನು ಮೊದಲನೆಯದರ ಕಡೆಗೇ ವಾಲಿದ್ದೇನೆ, ಆದರೆ ಗರಿಕೆಯ ಬೇರು ಅಷ್ಟಕ್ಕೆ ಸಾಯುತ್ತದೆಯೇ?

ಒಂಟಿಯಾಗಿ ಬದುಕುವ ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲು ನೆಲದಲ್ಲೇ ಗೂಡು ತೋಡುವುದರಿಂದ, ದಪ್ಪ ಹೊದಿಕೆ ಅವುಗಳಿಗೆ ತಡೆಯಾಗುತ್ತದೆ. ಹಾಗಾದರೆ ಬಿಸಿಲು ಬೀಳುವ ಎಷ್ಟು ಜಾಗವನ್ನು ಬರಿಮಣ್ಣಾಗಿಯೇ ಬಿಡುವುದು ಒಳ್ಳೆಯದು?

ಗಿಡಗಳ ಆಯ್ಕೆಯಲ್ಲಿ, ಮಕರಂದದ ಹೂಗಳಿಗಿಂತ ಮರಿಹುಳುಗಳ ಆಹಾರಸಸ್ಯಗಳಿಗೆ ಆದ್ಯತೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಎಕ್ಕದ ಬಳಗದ ಗಿಡಗಳನ್ನೇ ನೆಚ್ಚಿಕೊಂಡ ಚಿಟ್ಟೆಗಳಂತೆ ಅನೇಕ ಪ್ರಭೇದಗಳ ಮರಿಗಳು ಕೆಲವೇ ಸಸ್ಯಗಳನ್ನು ತಿನ್ನುತ್ತವೆ. ಮರಿ ಸಾಕುವ ಹೆಚ್ಚಿನ ಸಣ್ಣ ಹಕ್ಕಿಗಳಿಗೂ ಈ ಹುಳುಗಳೇ ಬೇಕು. (ಎಲೆ ತೂತಾದರೆ ಮನೆಯವರು ಗೊಣಗುವರು, ಅದಿರಲಿ.) ನರ್ಸರಿಯ ಸಸಿಗಳಿಗೆ ನಿಯೋನಿಕೊಟಿನಾಯ್ಡ್ ಕೀಟನಾಶಕ ಹಾಕಿದ್ದರೆ ಅದು ಮಕರಂದಕ್ಕೂ ಸೇರುವುದರಿಂದ, ಬೀಜದಿಂದಲೇ ಬೆಳೆಸುವುದು ಲೇಸೇ ಎಂಬುದನ್ನೂ ತಿಳಿಸಿ.