ಹಲ್ಲೆ ಆದ ಮೇಲೆ ಪಿಸ್ತೂಲಿನ ಲೈಸೆನ್ಸ್ ಕೇಳಬಹುದಾ? (ಯಾದಗಿರಿ ಜಿಲ್ಲೆ)

ಅಗಸಿ ಹೊರಗಿನವ:

ಎಲ್ಲರಿಗೂ ಜೈ ಭೀಮ್. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವನು ನಾನು. ಕೇಸ್ ನಡೀತಿದೆ, ಅದಕ್ಕೆ ಊರ ಹೆಸರು ಹಾಕುವುದಿಲ್ಲ.

ಹೋದ ಯುಗಾದಿಗೆ ಮುಂಚೆ ನನ್ನ ತಮ್ಮ ಬೈಕ್ ಮೇಲೆ ಅಗಸಿ (ಊರ ಹೆಬ್ಬಾಗಿಲು) ದಾಟಿ ಬರುತ್ತಿದ್ದ. ನಮ್ಮ ಓಣಿಯವರು ಅಲ್ಲಿ ಗಾಡಿ ಇಳಿದು ತಳ್ಳಿಕೊಂಡು ಹೋಗಬೇಕು ಅನ್ನೋದು ಕೆಲವರ ಲೆಕ್ಕ. ಅವನು ಇಳಿಯಲಿಲ್ಲ. ಬಡಿಗೆಯಿಂದ ಹೊಡೆದರು, ಬಲಗೈ ಎರಡು ಕಡೆ ಮುರಿಯಿತು. ಜಾತಿ ಹಿಡಿದು ಬೈದದ್ದನ್ನು ಇಲ್ಲಿ ಬರೆಯಲಾರೆ. ಅಟ್ರಾಸಿಟಿ ಕೇಸ್ (ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ) ಆಯಿತು, ಆರು ಜನ ಒಳಗೆ ಹೋದರು, ಎರಡು ತಿಂಗಳಿಗೆ ಜಾಮೀನು ಸಿಕ್ಕಿ ಹೊರಗೆ ಬಂದರು. ಆಮೇಲಿಂದ ರಾತ್ರಿ ನಮ್ಮ ಮನೆ ಮುಂದೆ ಲೈಟ್ ಆರಿಸಿ ಗಾಡಿ ನಿಲ್ಲಿಸುತ್ತಾರೆ. ಏನೂ ಮಾತಾಡುವುದಿಲ್ಲ, ಸುಮ್ನೆ ನಿಂತು ಹೋಗುತ್ತಾರೆ. ನಮ್ಮ ಮಾವ ಸಾಕ್ಷಿ, ಅವನಿಗೆ ಹಿಟ್ಟಿನ ಗಿರಣಿಯಲ್ಲಿ ಎಲ್ಲರೆದುರೇ ಹೇಳಿದರು, "ಕೋರ್ಟಿಗೆ ಹೋಗ್ತೀಯಲ್ಲ, ವಾಪಸ್ ಬರೋದೂ ಇದೇ ದಾರಿ" ಅಂತ.

ನಾನು ಮೋಟಾರ್ ವೈಂಡಿಂಗ್ ಕೆಲಸ ಮಾಡುತ್ತೇನೆ. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿ ಏಳು ಕಿಲೋಮೀಟರ್ ಬೈಕಲ್ಲಿ ಬರಬೇಕು. ಈಗ ತೊಗರಿ ಆಳೆತ್ತರ ಬೆಳೆದಿದೆ, ಎರಡೂ ಬದಿ ಯಾರು ಕೂತಿದ್ದರೂ ಕಾಣಿಸುವುದಿಲ್ಲ. ಆರೋಪಿಗಳಲ್ಲಿ ಒಬ್ಬನ ಮನೆಯಲ್ಲಿ ಲೈಸೆನ್ಸ್ ಇರುವ ಜೋಡಿ ನಳಿಗೆ ಬಂದೂಕು ಇದೆ. ಪಡಸಾಲೆ ಗೋಡೆಗೇ ತೂಗುಹಾಕಿದ್ದಾರೆ, ಎಲ್ಲರಿಗೂ ಕಾಣಲಿ ಅಂತ.

ನನ್ನ ಪ್ರಶ್ನೆ ಇಷ್ಟು. ಅಂಗಿ ಒಳಗೆ ಇಟ್ಟುಕೊಳ್ಳುವಂಥ ಸಣ್ಣ ಪಿಸ್ತೂಲಿಗೆ ನನ್ನಂಥವನು ಲೈಸೆನ್ಸ್ ಕೇಳಬಹುದಾ? ಎರಡು ಎಕರೆ ಹೊಲ ಬಿಟ್ಟರೆ ಆಸ್ತಿ ಇಲ್ಲ. ಅವ್ವ ಮಾತ್ರ ಮನೆಗೆ ಬಂದೂಕು ಬೇಡ ಅಂತಾಳೆ. ಊರು ಬಿಟ್ಟು ಹೋಗು ಅಂತ ಮಾತ್ರ ಯಾರೂ ಹೇಳಬೇಡಿ. ಆ ಮಾತು ದಿನಾ ಕೇಳ್ತಿದ್ದೀನಿ.

ಬೀದರ್ ವಕೀಲೆ:

ತಮ್ಮನ ಕೈ ಈಗ ಹೇಗಿದೆ? ಮೊದಲು ಅದನ್ನು ತಿಳಿಸಿ.

ಕೇಳಬಹುದು. ನಿಮಗೆ ಆ ದಾರಿಯನ್ನು ಕಾನೂನೇ ಕೊಟ್ಟಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಟ್ರಾಸಿಟಿ ಕಾಯ್ದೆ 1989ರದ್ದು, ಅದರ ನಿಯಮಗಳು 1995ರವು. ಮೂರನೇ ನಿಯಮ ತೆಗೆದು ಓದಿ. ದೌರ್ಜನ್ಯ ಆಗುವ ಸಂಭವ ಇರುವ ಪ್ರದೇಶವನ್ನು ಸರ್ಕಾರ ಗುರುತಿಸಬೇಕು. ಅಲ್ಲಿ ಅಗತ್ಯ ಕಂಡರೆ ಪರಿಶಿಷ್ಟರ ಜೀವ, ಆಸ್ತಿ ಕಾಪಾಡಲು ಅವರಿಗೆ ಶಸ್ತ್ರ ಲೈಸೆನ್ಸ್ ಕೊಡಬೇಕು ಅಂತ ಅದರಲ್ಲೇ ಇದೆ. ಆದರೆ ಅದಕ್ಕೂ ಮೊದಲು ಬರುವ ಸಾಲನ್ನು ಎರಡು ಸಲ ಓದಿ. ಆ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ ಲೈಸೆನ್ಸ್ ರದ್ದು ಮಾಡಿ, ಬಂದೂಕನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬಹುದು. ಅವರ ಹತ್ತಿರದ ಸಂಬಂಧಿಕರು, ಆಳುಗಳು, ಮನೆಗೆ ಬೇಕಾದವರು ಎಲ್ಲರಿಗೂ ಇದು ಅನ್ವಯಿಸುತ್ತದೆ.

ಅಂದರೆ ಆ ಗೋಡೆ ಮೇಲಿನ ಬಂದೂಕು ಇಳಿಸುವ ದಾರಿ ಇದೆ. ನಿಮ್ಮ ಪಿಸ್ತೂಲಿಗಿಂತ ಮುಂಚೆ ಅದನ್ನು ಕೇಳಿ. ಪ್ರದೇಶ ಗುರುತಿಸುವವರೆಗೆ ಕಾಯಬೇಕಿಲ್ಲ. ಶಸ್ತ್ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಶಾಂತಿಗೆ ಧಕ್ಕೆ ಅನ್ನಿಸಿದರೆ ಲೈಸೆನ್ಸ್ ಕೊಟ್ಟ ಅಧಿಕಾರಿ ಅದನ್ನು ಅಮಾನತು ಮಾಡಬಹುದು. ನಿಮ್ಮ ಜಿಲ್ಲೆಯಲ್ಲಿ ಆ ಅಧಿಕಾರಿ ಡಿಸಿ. ಕಲಬುರಗಿ ನಗರದೊಳಗಾದರೆ ಪೊಲೀಸ್ ಕಮಿಷನರ್.

ನಿಮ್ಮ ಅರ್ಜಿ ವಿಷಯ. ನಮೂನೆ ಎ-1. ವಯಸ್ಸು 21 ತುಂಬಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ತರಬೇತಿ ಪಡೆದ ಪ್ರಮಾಣಪತ್ರ ಬೇಕು, ಆಮೇಲೆ ಠಾಣೆಯ ವರದಿ. ಆಸ್ತಿ ಕಡಿಮೆ ಇದೆ ಅನ್ನೋದೊಂದನ್ನೇ ಹಿಡಿದು ನಿರಾಕರಿಸುವ ಹಾಗಿಲ್ಲ, 14ನೇ ಸೆಕ್ಷನ್‌ನಲ್ಲಿ ಸ್ಪಷ್ಟ ಇದೆ. ನಿರಾಕರಿಸಿದರೆ ಕಾರಣ ಬರೆಯಬೇಕು, ಆ ಕಾರಣದ ಮೇಲೆ 18ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಬಹುದು. ಅಂಗಿ ಒಳಗೆ ಇಟ್ಟುಕೊಳ್ಳೋಕೆ ಬೇರೆ ಲೈಸೆನ್ಸ್ ಅಂತ ನಮ್ಮಲ್ಲಿ ಇಲ್ಲ. ಜನರ ನಡುವೆ ಒಯ್ಯುವಾಗ ಹೋಲ್‌ಸ್ಟರ್‌ನಲ್ಲಿ, ಪೂರ್ತಿ ಮುಚ್ಚಿಯೇ ಇರಬೇಕು ಅನ್ನುತ್ತವೆ 2016ರ ಶಸ್ತ್ರ ನಿಯಮಗಳು. ಜಾತ್ರೆ, ಮದುವೆ, ಶಾಲೆ ಆವರಣಕ್ಕೆ ಒಯ್ಯುವಂತಿಲ್ಲ.

ಒಂದು ವಿಷಯದಲ್ಲಿ ಜಾಗ್ರತೆ. ಇಂಥ ಕೇಸಲ್ಲಿ ಎದುರಿನವರು ಕೌಂಟರ್ ಕೇಸ್ ಹಾಕುತ್ತಾರೆ, ಆಮೇಲೆ ಶಾಂತಿ ಕಾಪಾಡೋಕೆ ಅಂತ ಎರಡೂ ಕಡೆಯವರಿಗೆ ನಾಗರಿಕ ಸುರಕ್ಷಾ ಸಂಹಿತೆಯ 126 (ಹಿಂದಿನ ಸಿಆರ್‌ಪಿಸಿ 107) ಹಾಕಿ ಬಾಂಡ್ ಬರೆಸುತ್ತಾರೆ. ನೋಟಿಸ್ ಬಂದರೆ ಹೆದರಬೇಡಿ, ಉತ್ತರ ಕೊಡಿ. ಆದರೆ ಬಾಂಡ್ ಬರೆದುಕೊಡಲು ಆದೇಶ ಆಯಿತೋ, ಅದರ ಅವಧಿ ಮುಗಿಯುವ ತನಕ ನಿಮಗೆ ಲೈಸೆನ್ಸ್ ಸಿಗುವುದಿಲ್ಲ. ಹೊಡೆಸಿಕೊಂಡವರೇ ಹಾಗೆ ಬಾಂಡ್ ಬರೆದುಕೊಟ್ಟು ಕೂತದ್ದನ್ನು ನಾನು ನೋಡಿದ್ದೇನೆ.

ನಿವೃತ್ತ ಸೈನಿಕ, ಕಲಬುರಗಿ:

ತಮ್ಮಾ, ನಿನಗೆ ಲೈಸೆನ್ಸ್ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಹದಿನೇಳು ವರ್ಷ ಬಂದೂಕು ಹಿಡಿದವನು ನಾನು, ಅದರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಕತ್ತಲೆ. ನೀನು ಬೈಕ್ ಮೇಲೆ. ಎರಡೂ ಕೈ ಹ್ಯಾಂಡಲ್ ಮೇಲೆ. ತೊಗರಿ ಸಾಲಿನಿಂದ ಮೂರು ಜನ ಎದ್ದು ಬಂದರೆ ಅಂಗಿ ಎತ್ತಿ, ಹೋಲ್‌ಸ್ಟರ್ ಬಿಚ್ಚಿ, ಪಿಸ್ತೂಲು ತೆಗೆಯುವಷ್ಟರಲ್ಲಿ ಅವರು ನಿನ್ನ ಮೇಲಿರುತ್ತಾರೆ. ಆಮೇಲೆ ಆ ಪಿಸ್ತೂಲು ಯಾರ ಕೈಯಲ್ಲಿ ಇರುತ್ತದೆ ಹೇಳು. ನಮಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟ ಮೇಲೂ ಮೊದಲ ಸಲ ನಿಜವಾಗಿ ಗುಂಡು ಹಾರಿದಾಗ ಕೈ ನಡುಗಿತ್ತು. ಗುಂಡು ಹಾರಿಸಿದೆ ಅಂತಲೇ ಇಟ್ಟುಕೋ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿ (ಹಿಂದಿನ ಐಪಿಸಿ ಜಾಗದಲ್ಲಿ ಬಂದದ್ದು) 34ರಿಂದ 44ರ ತನಕ ಇದೆ, ಜೀವಕ್ಕೆ ಅಪಾಯ ಅನ್ನಿಸಿದಾಗ ಎಷ್ಟು ದೂರ ಹೋಗಬಹುದು ಅನ್ನೋದು 38ರಲ್ಲಿ ಇದೆ. ಇದ್ದರೂ ಅದು ಆತ್ಮರಕ್ಷಣೆ ಅಂತ ತೋರಿಸೋಕೆ ವರ್ಷಗಟ್ಟಲೆ ನೀನೇ ಕೋರ್ಟ್ ಅಲೆಯಬೇಕು, ಈಗ ಆರೋಪಿಗಳಾಗಿರುವವರು ಆಗ ಸಾಕ್ಷಿಗಳಾಗುತ್ತಾರೆ.

ಖರ್ಚೂ ನೋಡು. 2014ರಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಕಾನ್ಪುರದ ಕಾರ್ಖಾನೆ 'ನಿರ್ಭೀಕ್' ಅನ್ನೋ .32 ರಿವಾಲ್ವರ್ ಮಾಡಿತು, ಆಗಲೇ ಅದರ ಬೆಲೆ 1 ಲಕ್ಷ 20 ಸಾವಿರದ ಮೇಲೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಜಗಳ ಜಾಸ್ತಿ ಆಗುವುದೂ ಆಗಲೇ ಅಲ್ವಾ.

ಭೀಮಾ ತೀರದ ಕಡೆಯಿಂದ ಕಂಟ್ರಿ ಪಿಸ್ತೂಲು ತಂದುಕೊಡುತ್ತೇನೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೋ. ಸಿಕ್ಕರೆ ಕಡಿಮೆ ಅಂದರೂ ಎರಡು ವರ್ಷ ಜೈಲು, ನಿಮ್ಮ ಕೇಸೂ ಅಲ್ಲಿಗೆ ಹಾಳು.

ಚಿತ್ತಾಪುರ ಅಕ್ಕ:

ಸೈನಿಕರೇ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಆದರೂ ನನಗೆ ಹೊಟ್ಟೆ ಉರಿಯುತ್ತದೆ. ಅವರ ಮನೆಗೆ ಬಂದೂಕು ಬಂದಾಗ ಯಾರಾದರೂ ಹೋಗಿ "ಕೈ ನಡುಗುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ" ಅಂತ ಬುದ್ಧಿ ಹೇಳಿದ್ದರಾ? ಬೆಳೆ ಕಾಯೋಕೆ ಅಂದರು, ಹಂದಿ ಓಡಿಸೋಕೆ ಅಂದರು, ಲೈಸೆನ್ಸ್ ಆಯಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸೇ ಬೇಕಿಲ್ಲ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. ಇರಲಿ, ಅವರ ಮೇಲೆ ನನಗೇನೂ ಇಲ್ಲ. ಹಲಗಲಿ ಬೇಡರ ಲಾವಣಿ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1857ರಲ್ಲಿ ಹತಾರ ಒಪ್ಪಿಸಿ ಅಂದಾಗ ಪ್ರಾಣ ಕೊಟ್ಟರು, ಆಯುಧ ಕೊಡಲಿಲ್ಲ. ಅದನ್ನು ಓದಿ ಎದೆ ಉಬ್ಬಿಸಿದ ಮೇಷ್ಟ್ರೇ ನಮ್ಮ ಹುಡುಗ ಅರ್ಜಿ ಹಾಕಿದರೆ "ನಿನಗೇಕೆ ಇದೆಲ್ಲ" ಅಂತಾರೆ.

ನಮ್ಮ ದೊಡ್ಡಪ್ಪನಿಗೆ ಹೀಗೇ ಆಗಿತ್ತು. ಅರ್ಜಿ ಹಾಕಿದ ಒಂದೇ ವಾರಕ್ಕೆ ಎದುರಿನವರ ಬಾಯಿಗೆ ಸುದ್ದಿ ತಲುಪಿತ್ತು. ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಲೈಸೆನ್ಸ್ ಬರಲಿಲ್ಲ. ಆದರೆ ನಮ್ಮ ಓಣಿಗೆ ರಾತ್ರಿ ಗಸ್ತು ಬರೋಕೆ ಶುರುವಾಯಿತು. ಅರ್ಜಿ ಕಾಗದದ ಮೇಲೆ "ನನ್ನ ಜೀವಕ್ಕೆ ಅಪಾಯ ಇದೆ" ಅಂತ ಬರೆದು ಸೀಲ್ ಹಾಕಿಸಿದ ಮೇಲೆ ನಾಳೆ ಏನಾದರೂ ಆದರೆ ಗೊತ್ತಿರಲಿಲ್ಲ ಅಂತ ಯಾರೂ ಹೇಳೋಕೆ ಆಗೋಲ್ಲ. ಹಾಕು ತಮ್ಮಾ. ಸಿಗದಿದ್ದರೂ ಹಾಕು.

ಆಳಂದದ ಹುಡುಗ (ಈಗ ಡಲ್ಲಾಸ್):

ಇಲ್ಲಿ ಅಮೆರಿಕದಲ್ಲಿ ಪಿಸ್ತೂಲು ಮುಚ್ಚಿಟ್ಟುಕೊಂಡು ಓಡಾಡೋದು ಹಲವು ರಾಜ್ಯಗಳಲ್ಲಿ ಸುಲಭ. 2022ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ಕಾನೂನೊಂದನ್ನು ತೆಗೆದುಹಾಕಿತು. ನಿನಗೆ ವಿಶೇಷ ಕಾರಣ ಏನಿದೆ ತೋರಿಸು, ಆಮೇಲೆ ಪರ್ಮಿಟ್ ಅನ್ನುತ್ತಿದ್ದ ಕಾನೂನು ಅದು. ಆದರೆ ನನಗೆ ನೆನಪಾಗೋದು ಹಳೆಯ ಒಂದು ಅರ್ಜಿ. 1956ರ ಜನವರಿಯಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಹಾಕಿದರು. ಒಳಗೆ ಹೆಂಡತಿ, ಹಸುಗೂಸು ಇದ್ದರು. ಅದಾದ ಮೇಲೆ ಕಿಂಗ್ ಪಿಸ್ತೂಲು ಒಯ್ಯುವ ಪರ್ಮಿಟ್ ಕೇಳಿದರು. ಕೊಡಲಿಲ್ಲ. ಮನೆಗೇ ಬಾಂಬ್ ಬಿದ್ದವನಿಗೆ ಇಲ್ಲ ಅಂದರು. ಮುಂದೆ ಅವರು ಮನೆಯಲ್ಲಿದ್ದ ಬಂದೂಕನ್ನೂ ಬಿಟ್ಟರು, ಆದರೆ ಅದು ಅವರೇ ತೀರ್ಮಾನಿಸಿದ್ದು. ಚಿತ್ತಾಪುರದ ಅಕ್ಕ ಹೇಳುವುದು ಇದನ್ನೇ ಅನ್ನಿಸುತ್ತದೆ. ಬೇಡ ಅನ್ನೋದು ನಾವಾಗಿರಬೇಕು.

ಅಗಸಿ ಹೊರಗಿನವ:

ಎಲ್ಲರಿಗೂ ಶರಣು. ತಮ್ಮನ ಕೈಗೆ ರಾಡ್ ಹಾಕಿದ್ದಾರೆ, ಬೆರಳು ಆಡುತ್ತವೆ, ಭಾರ ಎತ್ತೋಕೆ ಆಗೋಲ್ಲ.

ಸೈನಿಕರೇ, ಆ ಬೈಕಿನ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ನಿನ್ನೆ ಬರುವಾಗ ಒಂದು ಕಡೆ ನಿಲ್ಲಿಸಿ, ಪಿಸ್ತೂಲು ಇದೆ ಅಂದುಕೊಂಡು ಸೊಂಟಕ್ಕೆ ಕೈ ಹಾಕಿ ನೋಡಿದೆ. ನೀವು ಹೇಳಿದ್ದು ಸರಿ. ವಕೀಲರೇ, ಮಾವನ ಸಾಕ್ಷಿ ಮುಗಿಯುವ ತನಕ ಅವನಿಗೆ ಏನು ಮಾಡಬಹುದು? ಅವನು ಹೆದರಿದ್ದಾನೆ, ಬಾಯಿ ಬಿಟ್ಟು ಹೇಳುತ್ತಿಲ್ಲ.

ಬೀದರ್ ವಕೀಲೆ:

ಅಟ್ರಾಸಿಟಿ ಕಾಯ್ದೆಯ 15-ಎ ನೋಡಿ. 2016ರ ಜನವರಿಯಿಂದ ಜಾರಿಯಲ್ಲಿದೆ. ಸಂತ್ರಸ್ತರು, ಅವರ ಮನೆಯವರು, ಸಾಕ್ಷಿಗಳು, ಎಲ್ಲರಿಗೂ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ. ವಿಶೇಷ ನ್ಯಾಯಾಲಯಕ್ಕೇ ಅರ್ಜಿ ಹಾಕಿ. ಇದಲ್ಲದೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಇದೆ. ಜಿಲ್ಲಾ ನ್ಯಾಯಾಧೀಶರ ಸಮಿತಿ ತೀರ್ಮಾನಿಸುತ್ತದೆ, ಅಪಾಯ ಎಷ್ಟಿದೆ ಅಂತ ಪೊಲೀಸರು ವರದಿ ಕೊಡಬೇಕು. ಕೋರ್ಟಿಗೆ ಕರೆದೊಯ್ದು ಬಿಡುವುದು, ಮನೆ ಹತ್ತಿರ ಗಸ್ತು, ಸಿಸಿ ಕ್ಯಾಮೆರಾ, ಎಲ್ಲ ಅದರಲ್ಲಿ ಬರುತ್ತದೆ. ಗಿರಣಿಯಲ್ಲಿ ಆಡಿದ ಮಾತು ಸಾಕ್ಷಿಗೆ ಬೆದರಿಕೆ. ನ್ಯಾಯ ಸಂಹಿತೆಯ 232ರಲ್ಲಿ ಅದು ಬೇರೆಯೇ ಅಪರಾಧ, ಅದರ ಮೇಲೆ ಜಾಮೀನು ರದ್ದು ಮಾಡಿ ಅಂತಲೂ ಕೇಳಬಹುದು. ಗಿರಣಿಯಲ್ಲಿ ಯಾರು ಯಾರು ಇದ್ದರು, ಇವತ್ತೇ ಬರೆದಿಡಿ. ಲೈಟ್ ಆರಿಸಿ ನಿಲ್ಲುವ ಗಾಡಿಯ ದಿನ, ಹೊತ್ತು ಬರೆದಿಡಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಅಟ್ರಾಸಿಟಿ ಸಹಾಯವಾಣಿ 14566ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ.

ಕಂಬಾಲಪಲ್ಲಿ ನೆನಪಿದೆ ತಾನೇ. 2000ದಲ್ಲಿ ಏಳು ಜನ ದಲಿತರನ್ನು ಸುಟ್ಟರು, ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಗಂಗಾವತಿ ತಾಲೂಕಿನ ಮರಕುಂಬಿಯದ್ದು 2014ರ ಕೇಸ್, ದಲಿತರ ಮೇಲೆ ದಾಳಿ ಮಾಡಿದ್ದು. ಹತ್ತು ವರ್ಷ ಜನ ಅಲ್ಲಾಡಲಿಲ್ಲ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟ್ 98 ಜನರಿಗೆ ಜೀವಾವಧಿ ಕೊಟ್ಟಿತು. ಮೇಲಿನ ಕೋರ್ಟಿನ ವಿಷಯ ಬೇರೆ. ನಿಮ್ಮ ಮಾವನ ಹತ್ತಿರ ಕೂತು ಈ ಎರಡೂ ಊರಿನ ಕಥೆ ಹೇಳಿ.

ಅಗಸಿ ಹೊರಗಿನವ:

ನಿನ್ನೆ ಮೂರು ಅರ್ಜಿ ಕೊಟ್ಟು ಬಂದೆ. ಗೋಡೆ ಮೇಲಿನ ಬಂದೂಕಿನದು ಮೊದಲು, ಮಾವನದು ಎರಡನೆಯದು. ನನ್ನ ಲೈಸೆನ್ಸಿನದು ಕೊನೆಗೆ, ಅದನ್ನೂ ಬಿಡಲಿಲ್ಲ ಅಕ್ಕ. ಮೂರಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಅವ್ವನಿಗೆ ಮೂರನೆಯದನ್ನೂ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಸೀಲ್ ಬಿದ್ದ ಕಾಗದಗಳನ್ನು ಮಡಚಿ ಜೋಳದ ಡಬ್ಬಿಯಲ್ಲಿ ಇಟ್ಟಳು.

ಮಾವನ ಸಾಕ್ಷಿ 18ಕ್ಕೆ, ಯಾದಗಿರಿ ಕೋರ್ಟಿನಲ್ಲಿ. ಅವತ್ತು ಒಬ್ಬನನ್ನೇ ಕಳಿಸುವುದಿಲ್ಲ, ಓಣಿಯಿಂದ ನಾಲ್ಕು ಬೈಕ್ ಹೊರಡುತ್ತವೆ. ಶಹಾಪುರ, ಸುರಪುರ ಕಡೆಯಿಂದ ಬರೋಕೆ ಆಗುವವರು ಬೆಳಗ್ಗೆ ಹತ್ತಕ್ಕೆ ಕೋರ್ಟ್ ಗೇಟ್ ಹತ್ತಿರ ಬನ್ನಿ. ವಾಪಸ್ ಹೋಗುವಾಗ ಕತ್ತಲಾಗುತ್ತದೆ, ಆಗ ಜೊತೆಗೆ ಬರುವವರಿದ್ದರೆ ಇಲ್ಲೇ ತಿಳಿಸಿ.